ಸಂತೆ ಚೀಲದಲ್ಲಿ ಕನ್ನಡ: ಮಕ್ಕಳಿಗೆ ಮಾತು ಕಲಿಸೋಕೆ ಒಂದು ಜಾಗ ಸಾಕು

ಪುಣೆಯಲ್ಲಿರೋ ನಮ್ಮ ಮನೆಯ ಒಂದು ದೃಶ್ಯ ಹೇಳ್ತೀನಿ. ಭಾನುವಾರ ಧಾರವಾಡದಿಂದ ಅಜ್ಜಿ ವಿಡಿಯೋ ಕಾಲ್ ಮಾಡಿ, "ಊಟಾ ಆತೇನವಾ?" ಅಂತಾರೆ. ಮಗಳಿಗೆ ಅರ್ಥ ಆಗುತ್ತೆ, ಆದರೆ "ಯಾ, ಡನ್" ಅಂತಾಳೆ. ಅಜ್ಜಿ ನಕ್ಕು, "ಅಪ್ಪಗ ಕೊಡು ಫೋನು" ಅಂತಾರೆ. ಅಲ್ಲಿಗೆ ಅವರಿಬ್ಬರ ಮಾತು ಮುಗೀತು.

ನಾವೂ ಗೋಡೆಗೆ ಚಾರ್ಟ್ ಅಂಟಿಸಿದ್ವಿ. ಪದಗಳು ಗೋಡೆ ಮೇಲೇ ಉಳಿದವು. ಯಾಕಂದ್ರೆ ಆ ಪದ ಬೇಕಾಗೋ ಜಾಗ ಅವಳಿಗೆ ಸಿಕ್ಕಿರಲಿಲ್ಲ.

ಆಮೇಲೆ ಒಂದು ಜಾಗ ಆರಿಸಿಕೊಂಡ್ವಿ: ಶುಕ್ರವಾರ ಪೇಟೆಯ ಮಹಾತ್ಮಾ ಫುಲೆ ಮಂಡಯಿ. ಬ್ರಿಟಿಷರ ಕಾಲದ ಕಲ್ಲಿನ ಕಟ್ಟಡ, ಆಗ ಅದರ ಹೆಸರು ರೇ ಮಾರ್ಕೆಟ್. ನಿಯಮ ಇಷ್ಟೇ: ವ್ಯಾಪಾರಿ ಜೊತೆ ಮರಾಠಿ, ನಮ್ಮೊಳಗೆ ಕನ್ನಡ. ಮನೆಯಲ್ಲೇ ಐದು ಹೆಸರು ಹೇಳಿರ್ತೀವಿ. ಅಲ್ಲಿ ಹುಡುಕಿ ಕೇಳೋ ಕೆಲಸ ಅವಳದ್ದು. ಹುಣಸೆಹಣ್ಣು ಅಂದ್ರೆ ಚಿಂಚ್, ಬೆಲ್ಲ ಅಂದ್ರೆ ಗೂಳ್. ಕೊತ್ತಂಬರಿ–ಕೋಥಿಂಬೀರ್, ತುಪ್ಪ–ತೂಪ್ ಕೇಳಿದಾಗ ಅವಳೇ, "ಇದು ಸೇಮ್ ಅಲ್ವಾ!" ಅಂದಳು.

ವ್ಯಾಕರಣಾನೂ ಹೀಗೇ ಬರುತ್ತೆ. ಹೊರಡುವಾಗ "ಮಂಡಯಿಗೆ ಹೋಗೋಣ", ಅಲ್ಲಿ "ಮಂಡಯಿಯಲ್ಲಿ ಇದ್ದೀವಿ", ವಾಪಸ್ ಬರುವಾಗ "ಮಂಡಯಿಯಿಂದ ಬಂದ್ವಿ". ಚತುರ್ಥಿ, ಸಪ್ತಮಿ ಅಂತ ಹೆದರಿಸೋದು ಬೇಡ. ಇಂಗ್ಲಿಷ್‌ನಲ್ಲಿ ಇನ್, ಫ್ರಮ್ ಪದದ ಮುಂದೆ ಬಂದು ಕೂರುತ್ತೆ, ಕನ್ನಡದಲ್ಲಿ ಬಾಲದ ಹಾಗೆ ಹಿಂದೆ ಅಂಟುತ್ತೆ. ಮರಾಠಿಯಲ್ಲೂ ಹಾಗೇನೇ: ಘರಾತ್ ಅಂದ್ರೆ ಮನೆಯಲ್ಲಿ, ಘರಾತೂನ್ ಅಂದ್ರೆ ಮನೆಯಿಂದ. ಅಂದ್ರೆ ಮಗು ಆಟದ ಮೈದಾನದಲ್ಲಿ ಕಲಿತ ಮರಾಠಿ ಕನ್ನಡಕ್ಕೆ ಶತ್ರು ಅಲ್ಲ, ಏಣಿ.

ಚೆನ್ನೈನಲ್ಲಿದ್ದೀರಾ? ಹಾಲಿನ ಅಂಗಡಿಯಿಂದ ಶುರು ಮಾಡಿ: ಹಾಲು–ಪಾಲ್. ಹೈದರಾಬಾದ್‌ನಲ್ಲಿ ಕಿರಾಣಿ ಅಂಗಡಿ: ಬೆಲ್ಲ–ಬೆಲ್ಲಂ, ಉಪ್ಪಂತೂ ಉಪ್ಪೇ.

ಎರಡು ಎಚ್ಚರಿಕೆ. ವಾರಕ್ಕೊಂದು ಹೊಸ ಜಾಗ ಬೇಡ. ಅದೇ ಜಾಗಕ್ಕೆ ಮತ್ತೆ ಮತ್ತೆ ಹೋದರೇ ಪದ ನಾಲಿಗೆಗೆ ಹತ್ತೋದು. ಜನರ ಎದುರು ಮಗುವಿನ ತಪ್ಪು ತಿದ್ದಬೇಡಿ. ಸರಿಯಾದ ರೂಪವನ್ನ ನೀವು ಒಮ್ಮೆ ಹೇಳಿ, ಮುಂದೆ ನಡೀರಿ.

ಕೆಲವು ವಾರ ಆದ್ಮೇಲೆ ಫೋನ್‌ನಲ್ಲಿ ಮಗಳು ಅಂದಳು, "ಅಜ್ಜಿ, ನಾನು ಮಂಡಯಿಯಿಂದ ಹುಣಸೆಹಣ್ಣು ತಂದೆ." ಅಜ್ಜಿ ತಕ್ಷಣ, "ಹೌದಾ? ಎಷ್ಟಕ್ಕ ಕೊಟ್ರು?" ಅಂದ್ರು. ಅವತ್ತು ಫೋನ್ ನನ್ನ ಕೈಗೆ ಬರಲೇ ಇಲ್ಲ.

ಈ ಭಾನುವಾರ ಚೀಲ ಮಗುವಿನ ಕೈಗೆ ಕೊಟ್ಟು ನೋಡಿ. ಮತ್ತೆ ಸಿಗೋಣ.