ಹಳೆಯ ಡೆಸ್ಕ್‌ಟಾಪಿಗೆ ಬೇರೆ ಮದರ್‌ಬೋರ್ಡ್

ಡೆಸ್ಕ್‌ಟಾಪಿನ ಪ್ರೊಸೆಸರ್, ರ‍್ಯಾಮ್, ಹಾರ್ಡ್‌ಡಿಸ್ಕ್ ಎಲ್ಲವೂ ಬಂದು ಕೂಡುವುದು ಮದರ್‌ಬೋರ್ಡಿನಲ್ಲಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಂಥ ಬಯಲುಸೀಮೆಯ ತಾಲ್ಲೂಕುಗಳಲ್ಲಿ ಅದರ ಮೇಲೆ ಕೂರುವ ಧೂಳು ಹೆಚ್ಚು. ಆ ಧೂಳು ಹೀಟ್‌ಸಿಂಕಿನ ಸಂದಿಗಳಲ್ಲಿ ಕೂತರೆ ಬಿಸಿ ಹೊರಗೆ ಹೋಗದು. ಶಾಖಕ್ಕೆ ಬೋರ್ಡಿನ ಕೆಪಾಸಿಟರ್‌ಗಳು ಬೇಗ ಸವೆದು, ಕೆಲವು ತಲೆ ಉಬ್ಬಿಸಿಕೊಳ್ಳುತ್ತವೆ.

ಆದರೆ ಆನ್ ಆಗದ ಕಂಪ್ಯೂಟರಿನಲ್ಲೆಲ್ಲ ಬೋರ್ಡೇ ಕೆಟ್ಟಿರುವುದಿಲ್ಲ. ರ‍್ಯಾಮ್ ಕಳಚಿ, ಅದರ ಹೊಳೆಯುವ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಕೂರಿಸಬೇಕು. ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಬೇರೆಯದನ್ನು ಹಾಕಿ ನೋಡಬೇಕು. ಗಡಿಯಾರ ಮಾತ್ರ ತಪ್ಪುತ್ತಿದ್ದರೆ ಸಾಮಾನ್ಯವಾಗಿ 3 ವೋಲ್ಟಿನ ಸಿಆರ್2032 ಸೆಲ್ ಬದಲಿಸಿದರೆ ಸಾಕು. ಇಷ್ಟು ನೋಡದೆ ಬೋರ್ಡ್ ಕೊಳ್ಳುವುದು ದಂಡ.

ಬೋರ್ಡನ್ನು ನಿರ್ಧರಿಸುವುದು ಪ್ರೊಸೆಸರಿನ ಸಾಕೆಟ್. ಇಂಟೆಲ್ 2004ರಲ್ಲಿ 775, 2011ರಲ್ಲಿ 1155, 2013ರಲ್ಲಿ 1150, 2015ರಲ್ಲಿ 1151 ಸಾಕೆಟ್ ತಂದಿತು. ಒಂದರ ಪ್ರೊಸೆಸರ್ ಇನ್ನೊಂದರಲ್ಲಿ ಕೂರದು. ಡಿಡಿಆರ್3 ರ‍್ಯಾಮಿನ ಕಚ್ಚು ಡಿಡಿಆರ್4 ಸ್ಲಾಟಿಗೆ ಹೊಂದದು. ಹೊಸ ಕಾಲದ ಬೋರ್ಡ್ ಬೇಕೆಂದರೆ ಬೋರ್ಡು, ಪ್ರೊಸೆಸರು, ರ‍್ಯಾಮು ಮೂರನ್ನೂ ಒಟ್ಟಿಗೆ ಬದಲಿಸಬೇಕಾಗುವುದೇ ಹೆಚ್ಚು. ಹಳೆಯ ಸಾಕೆಟ್ಟಿನ ಬಳಸಿದ ಬೋರ್ಡ್‌ಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ಪಾವಗಡದಿಂದ ಅಲ್ಲಿಗೆ ಹೋಗಿಬರಲು ಒಂದು ದಿನವೇ ಹಿಡಿಯುವುದರಿಂದ ಹಳೆಯ ಬೋರ್ಡನ್ನೂ ಪ್ರೊಸೆಸರನ್ನೂ ಜೊತೆಗೊಯ್ದು, ಅಂಗಡಿಯಲ್ಲೇ ಕೂರಿಸಿ, ಪರದೆಯ ಮೇಲೆ ಚಿತ್ರ ಬಂದದ್ದನ್ನು ನೋಡಿಯೇ ಹಣ ಕೊಡುವುದು ಜಾಣತನ. ಕೆಲವು ಬ್ರಾಂಡೆಡ್ ಕಂಪ್ಯೂಟರುಗಳ ಎಸ್‌ಎಂಪಿಎಸ್ ಕನೆಕ್ಟರೇ ಬೇರೆ, ಅದನ್ನೂ ನೋಡಿಕೊಳ್ಳಬೇಕು.

ಬಿಚ್ಚುವ ಮುನ್ನ ಪ್ಲಗ್ ಕಿತ್ತು, ವೈರುಗಳ ಫೋಟೊ ತೆಗೆದಿಡಬೇಕು. ಮುಂಬದಿಯ ಸ್ವಿಚ್ಚಿನ ಸಣ್ಣ ಪಿನ್ನುಗಳಿಗೆ ಅದೇ ಆಧಾರ. ಬೋರ್ಡಿನಡಿಯ ಹಿತ್ತಾಳೆ ಸ್ಟ್ಯಾಂಡುಗಳು ಸ್ಕ್ರೂ ತೂತುಗಳ ನೇರಕ್ಕೇ ಇರಬೇಕು, ಇಲ್ಲವಾದರೆ ಶಾರ್ಟ್ ಆದೀತು. ಪ್ರೊಸೆಸರಿನ ಮೇಲಿನ ಹಳೆಯ ಪೇಸ್ಟ್ ಒರೆಸಿ ಹೊಸದನ್ನು ತೆಳುವಾಗಿ ಹಚ್ಚಬೇಕು. 24 ಪಿನ್ನಿನ ಕೇಬಲ್ ಸಿಕ್ಕಿಸಿ, ಪ್ರೊಸೆಸರಿನ ಪಕ್ಕದ 4 ಪಿನ್ನಿನದನ್ನು ಮರೆತರೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಾಗಿಯೇ ಉಳಿಯುತ್ತದೆ.

ಹಾರ್ಡ್‌ಡಿಸ್ಕಿನಲ್ಲಿರುವ ನುಡಿ ತಂತ್ರಾಂಶದ ಕಡತಗಳು, ಡಿಟಿಪಿ ಕೆಲಸಗಳು ಬೋರ್ಡ್ ಬದಲಾದರೂ ಅಳಿಯವು. ಆದರೂ ವಿಂಡೋಸ್ ಮರುಸ್ಥಾಪಿಸಬೇಕಾಗಿ ಬಂದರೆ ಮೊದಲು ಪ್ರತಿ ತೆಗೆದಿಡಬೇಕು. ಕಂಪ್ಯೂಟರಿನೊಂದಿಗೇ ಬಂದ ವಿಂಡೋಸ್ ಪರವಾನಗಿ ಸಾಮಾನ್ಯವಾಗಿ ಹಳೆಯ ಬೋರ್ಡಿಗೇ ಅಂಟಿರುತ್ತದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 775, 1155, 1150 ಸಾಕೆಟ್ಟಿನ ಇಂಟೆಲ್ ಪ್ರೊಸೆಸರ್‌ಗಳು ವಿಂಡೋಸ್ 11ರ ಅರ್ಹ ಪಟ್ಟಿಯಲ್ಲಿಲ್ಲ. ಅಂಥವುಗಳಲ್ಲಿ ಲಿನಕ್ಸ್ ಹಾಕಿಕೊಳ್ಳಬಹುದು.