ರಾಣಿಗೆ ಸಿಕ್ಕ ಜಾಗ

ನೈರೋಬಿಯಿಂದ ಬೆಂಗಳೂರಿಗೆ ಓದಲು ಬಂದ ಹುಡುಗಿ ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿದ್ದಾಳೆ. ಏಳು ಮನೆಯವರು ಅವಳ ಮುಖ ನೋಡಿಯೇ ‘ಖಾಲಿ ಇಲ್ಲ’ ಅಂದರಂತೆ. ನಿಜ ಹೇಳ್ತೀನಿ, ನಾನೂ ಮೊದಲ ದಿನ ‘ಯಜಮಾನರನ್ನು ಕೇಳಬೇಕು’ ಅಂತ ಸಾಗಹಾಕಿದ್ದೆ.

ಮೊನ್ನೆ ಅವಳನ್ನು ಕಬ್ಬನ್ ಪಾರ್ಕಿಗೆ ಕರೆದೊಯ್ದೆ. 1868ರ ಅಠಾರಾ ಕಚೇರಿ, ಅದೇ ನಮ್ಮ ಹೈಕೋರ್ಟಿನ ಕೆಂಪು ಕಟ್ಟಡ, ತೋರಿಸಿ ಜಂಬ ಕೊಚ್ಚಿಕೊಂಡಿದ್ದೂ ಆಯಿತು. ವಿಕ್ಟೋರಿಯಾ ರಾಣಿಯ ಅಮೃತಶಿಲೆಯ ಪ್ರತಿಮೆ ಕಂಡದ್ದೇ ತಡ, ನಕ್ಕುಬಿಟ್ಟಳು.

‘ಆಂಟಿ, ನಮ್ಮೂರ ಜೀವನ್‌ಜೀ ಉದ್ಯಾನದಲ್ಲೂ ಈಕೆಯನ್ನು 1906ರಲ್ಲೇ ನಿಲ್ಲಿಸಿದ್ದು. ಕೊಟ್ಟವರು ಕರಾಚಿಯಿಂದ ಬಂದ ವ್ಯಾಪಾರಿ! ರಾಣಿಗೆ ಎಲ್ಲಿ ಹೋದರೂ ಜಾಗ ಸಿಕ್ಕಿತು. ನನಗೆ ಇಲ್ಲಿ ಒಂದು ತಿಂಗಳು ಬೇಕಾಯಿತು.’

ನನಗೆ ಬಾಯಿ ಬರಲಿಲ್ಲ.

ರಾತ್ರಿ ಮುದ್ದೆ, ಸೊಪ್ಪಿನ ಸಾರು ಮಾಡಿ ಕರೆದೆ. ‘ನಮ್ಮ ಉಗಾಲಿ ಇದ್ದ ಹಾಗೇ ಇದೆ’ ಅಂತ ಎರಡನೇ ಸಲವೂ ಹಾಕಿಸಿಕೊಂಡಳು.