ಸರ್ವರ್ ಕಾಯುವವರ ಹೊಟ್ಟೆ, ಕುತ್ತಿಗೆ

ತಲೆನೋವು, ಕುತ್ತಿಗೆ ಬಿಗಿತ, ಎದೆಯುರಿ. ಈ ಮೂರನ್ನೂ ಒಟ್ಟಿಗೆ ಹೇಳಿಕೊಂಡು ಬರುವವರನ್ನು ನಾನು ಮೊದಲು ಕೇಳುವುದು ಅವರ ಉದ್ಯೋಗದ ಬಗ್ಗೆ. ನಾನು ವೃತ್ತಿ ಆರಂಭಿಸಿದ ಕಾಲದಲ್ಲಿ ಗುತ್ತಿಗಾರು ಕಡೆಯಿಂದ ಬರುತ್ತಿದ್ದ ಕುತ್ತಿಗೆ ನೋವುಗಳು ಹೆಚ್ಚಾಗಿ ತೋಟದವು. ತಲೆಹೊರೆ ಹೊತ್ತವರು, ದಿನವಿಡೀ ಮೇಲೆ ನೋಡುತ್ತಾ ಅಡಿಕೆ ಕೊಯ್ದವರು, ಮದ್ದು ಬಿಟ್ಟವರು ಬರುತ್ತಿದ್ದರು. ಅವರು ಈಗಲೂ ಬರುತ್ತಾರೆ. ಜೊತೆಗೆ ಸೊಸೈಟಿಯ ಗುಮಾಸ್ತರು, ಪಂಚಾಯತಿನಲ್ಲಿ ಡಾಟಾ ಎಂಟ್ರಿ ಮಾಡುವವರು, ಪಡಿತರ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವವರು, ಬೆಂಗಳೂರಿನ ಕಂಪನಿಯ ಕೆಲಸವನ್ನು ಊರಿನ ಮನೆಯ ಚಾವಡಿಯಲ್ಲಿ ಕುಳಿತು ಮಾಡುವ ಹುಡುಗ ಹುಡುಗಿಯರು ಸೇರಿಕೊಂಡಿದ್ದಾರೆ.

ಕಂಪ್ಯೂಟರಿನಿಂದ ಬರುವ ತೊಂದರೆಗಳ ಬಗ್ಗೆ ನಗರದ ವೈದ್ಯರು ಬರೆದ ಲೇಖನಗಳನ್ನು ನೀವು ಓದಿರಬಹುದು. ಅಲ್ಲಿನ ಕಂಪ್ಯೂಟರು ಸದಾ ನಡೆಯುತ್ತಲೇ ಇರುತ್ತದೆ; ಮನುಷ್ಯ ಬಿಡುವಿಲ್ಲದೆ ದುಡಿದು ಬಳಲುತ್ತಾನೆ. ನಮ್ಮ ಕಡೆಯ ಕಥೆ ಸ್ವಲ್ಪ ಬೇರೆ. ಇಲ್ಲಿ ಬಳಲಿಕೆಯ ದೊಡ್ಡ ಪಾಲು ಕಾಯುವುದರಿಂದ ಬರುತ್ತದೆ. ಮಳೆ ಹಿಡಿದರೆ ಕರೆಂಟು ಹೋಗುತ್ತದೆ, ಯುಪಿಎಸ್ ಕೂಗಿ ಕೂಗಿ ಸುಮ್ಮನಾಗುತ್ತದೆ. ಕರೆಂಟು ಬಂದಾಗ ನೆಟ್‌ವರ್ಕ್ ಇರುವುದಿಲ್ಲ. ಎರಡೂ ಬಂದಾಗ ಸರ್ವರ್ ಇರುವುದಿಲ್ಲ. 2021ರ ಜೂನ್‌ನಲ್ಲಿ ಗುತ್ತಿಗಾರು ಸಮೀಪದ ಬಳ್ಳಕದಲ್ಲಿ ಮಗಳು ರಸ್ತೆ ಬದಿಯಲ್ಲಿ ಕುಳಿತು ಮೊಬೈಲಿನಲ್ಲಿ ಪಾಠ ಕೇಳುತ್ತಿರುವಾಗ ತಂದೆ ಮಳೆಯಲ್ಲಿ ಕೊಡೆ ಹಿಡಿದು ನಿಂತ ಚಿತ್ರ ದೇಶದ ಅನೇಕ ಪತ್ರಿಕೆಗಳಲ್ಲಿ ಬಂದದ್ದು ನಿಮಗೆ ನೆನಪಿರಬಹುದು. ಮನೆಯೊಳಗೆ ಸಿಗ್ನಲ್ ಸಿಗದವರ ಪಾಡು ಏನೆಂದು ಹೊರಗಿನವರಿಗೆ ಗೊತ್ತಾದದ್ದು ಆ ಚಿತ್ರದಿಂದ.

ಕಾಯುವುದು ಶರೀರಕ್ಕೆ ಹೇಗೆ ತೊಂದರೆ ಕೊಡುತ್ತದೆ? ಕೌಂಟರಿನಲ್ಲಿ ಕುಳಿತವರ ಒಂದು ದಿನವನ್ನು ನೋಡಿ. ಬೆಳಿಗ್ಗೆ ಎಂಟಕ್ಕೆ ಎರಡು ನೀರುದೋಸೆ ತಿಂದು ಹೊರಡುತ್ತಾರೆ. ಹತ್ತರಿಂದ ಹನ್ನೆರಡೂವರೆಯವರೆಗೆ ಪರದೆಯ ಮೇಲೆ ಚಕ್ರ ತಿರುಗುತ್ತಿರುತ್ತದೆ. ಆ ಹೊತ್ತಿನಲ್ಲಿ ಎರಡು ಚಾ, ಯಾರೋ ತಂದ ಗೋಳಿಬಜೆ, ಮಧ್ಯೆ ಒಂದು ವೀಳ್ಯ. ಸರಿಯಾಗಿ ಊಟದ ಸಮಯಕ್ಕೆ ಸರ್ವರ್ ಬರುತ್ತದೆ. ಎದುರಿಗೆ ಸಾಲು ನಿಂತಿದೆ. ಅಡಿಕೆ ಸುಲಿದು, ರಬ್ಬರ್ ಕೊರೆದು ಗೆರೆ ಸವೆದ ಹೆಬ್ಬೆರಳನ್ನು ಯಂತ್ರ ಒಪ್ಪುವುದಿಲ್ಲ. ಬಟ್ಟೆಯಲ್ಲಿ ಒರೆಸಿ ಮತ್ತೊಮ್ಮೆ, ಇನ್ನೊಮ್ಮೆ. ಸಾಲಿನವರ ಸಿಟ್ಟು ಬೀಳುವುದು ಕಣ್ಣೆದುರು ಕುಳಿತವರ ಮೇಲೆ. ಬುತ್ತಿ ಬಿಚ್ಚುವಾಗ ಮೂರು ಗಂಟೆ. ಆಗ ಹಸಿವು ಸತ್ತಿರುತ್ತದೆ, ಅಥವಾ ಎರಡು ಊಟವನ್ನು ಒಂದೇ ಸಲ ಉಣ್ಣುವಷ್ಟು ಕೆರಳಿರುತ್ತದೆ.

ಹೊಟ್ಟೆಗೆ ಸರ್ವರಿನ ವಿಷಯ ಗೊತ್ತಿಲ್ಲ. ಊಟದ ರೂಢಿಯ ಹೊತ್ತಿಗೆ ಜಠರ ಆಮ್ಲವನ್ನು ಸುರಿಸಿ ಸಿದ್ಧವಾಗಿರುತ್ತದೆ. ಬರಿ ಹೊಟ್ಟೆಗೆ ಮತ್ತೆ ಮತ್ತೆ ಚಾ ಬಿದ್ದರೆ ಆಮ್ಲಕ್ಕೆ ಇನ್ನಷ್ಟು ಪ್ರಚೋದನೆ. ಮೂರು ಗಂಟೆಗೆ ಹೊಟ್ಟೆ ಬಿರಿಯ ಉಂಡು ಮೇಜಿನ ಕಡೆಗೆ ಬಾಗಿ ಕುಳಿತರೆ ತುಂಬಿದ ಜಠರ ಒತ್ತಲ್ಪಟ್ಟು ಆಮ್ಲ ಅನ್ನನಾಳಕ್ಕೆ ಏರುತ್ತದೆ. ಇದೇ ನೀವು ಹೇಳುವ ಎದೆಯುರಿ. ಇದರ ಮೇಲೆ ತಲೆನೋವಿಗೆಂದು ಅಂಗಡಿಯಿಂದ ತಂದ ನೋವಿನ ಮಾತ್ರೆ ನುಂಗಿದರೆ ಕಥೆ ಮುಗಿಯಿತು. ಡೈಕ್ಲೊಫೆನಾಕ್, ಐಬುಪ್ರೊಫೇನ್ ಮೊದಲಾದ ಮಾತ್ರೆಗಳು ನೋವು ತರುವ ರಾಸಾಯನಿಕಗಳ ಉತ್ಪತ್ತಿಯನ್ನು ತಡೆಯುವಾಗ, ಜಠರದ ಒಳಪದರವನ್ನು ಕಾಯುವ ವಸ್ತುಗಳ ಉತ್ಪತ್ತಿಯನ್ನೂ ತಡೆಯುತ್ತವೆ. ದಿನಾ ನುಂಗಿದರೆ ಹುಣ್ಣಾಗಬಹುದು, ಹುಣ್ಣಿನಿಂದ ರಕ್ತ ಸೋರಬಹುದು. ರಕ್ತದೊತ್ತಡ ಏರಬಹುದು, ಮೂತ್ರಪಿಂಡಕ್ಕೂ ಪೆಟ್ಟು ಬೀಳಬಹುದು. ಮಲ ಟಾರಿನಂತೆ ಕಪ್ಪಾಗಿ, ಅಂಟಂಟಾಗಿ ಹೋದರೆ ಅದು ತಿಂದ ಬಸಳೆಯಿಂದಿರಬಹುದು ಎಂದು ಸುಮ್ಮನೆ ಕೂರಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ.

ವೀಳ್ಯದ ಮಾತು ಬಂತು. ಹೊಗೆಸೊಪ್ಪು ಹಾಕದಿದ್ದರೆ ಅಪಾಯವಿಲ್ಲವೆಂದು ಅನೇಕರ ನಂಬಿಕೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆ ಬೆಳೆಯುವ ಊರಿನಲ್ಲಿ ಈ ಮಾತನ್ನಾಡಿದ ವೈದ್ಯನಿಗೆ ಮದುವೆ ಮನೆಗಳ ಕರೆಯೋಲೆ ಕಡಿಮೆಯಾಗುತ್ತದೆ. ಆದರೂ ಹೇಳದಿರಲಾಗದು. ಸರ್ವರ್ ನಿಂತಾಗಲೆಲ್ಲ ಹರಿವಾಣಕ್ಕೆ ಕೈ ಹೋಗುವ ಅಭ್ಯಾಸ ಒಳ್ಳೆಯದಲ್ಲ.

ಇನ್ನು ಊಟದ ಬಟ್ಟಲಿನ ವಿಚಾರ. "ಡಾಕ್ಟ್ರೇ, ನಮ್ಮಪ್ಪ ಮೂರು ಹೊತ್ತು ಕುಚ್ಚಲಕ್ಕಿ ಗಂಜಿ ಉಂಡು ಎಂಬತ್ತು ವರ್ಷ ಗಟ್ಟಿಯಿದ್ದರು. ನಾನು ಅದನ್ನೇ ಉಂಡರೆ ಶುಗರ್ ಯಾಕೆ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ಕುಳಿತು ಕೆಲಸ ಮಾಡುವ 65 ಕಿಲೋ ತೂಕದ ಗಂಡಸಿಗೆ ದಿನಕ್ಕೆ 2110 ಕ್ಯಾಲೊರಿ ಸಾಕು. ಕಠಿಣ ದೈಹಿಕ ದುಡಿಮೆಯವನಿಗೆ 3470 ಬೇಕು. ಹೆಂಗಸರಿಗೆ (55 ಕಿಲೋ) ಈ ಅಂಕಿಗಳು 1660 ಮತ್ತು 2720. ಗಂಡಸರ ಲೆಕ್ಕದ ಅಂತರವನ್ನು ಅಕ್ಕಿಗೆ ಇಳಿಸಿದರೆ ದಿನಕ್ಕೆ ಹೆಚ್ಚುಕಡಿಮೆ 400 ಗ್ರಾಂ ಅಕ್ಕಿಯಾಗುತ್ತದೆ. ತಂದೆ ಗುಡ್ಡದಿಂದ ಸೊಪ್ಪಿನ ಹೊರೆ ಇಳಿಸಿ, ತೋಡಿನಿಂದ ನೀರು ಮೊಗೆದು ಆ ಅಕ್ಕಿಯನ್ನು ಉರಿಸುತ್ತಿದ್ದರು. ಮಗ ಕುರ್ಚಿಯಲ್ಲಿದ್ದಾನೆ; ಬಟ್ಟಲು ಮಾತ್ರ ಅಪ್ಪನದೇ. ಉಳಿದದ್ದು ಮೊದಲು ಸೊಂಟದ ಸುತ್ತ, ಆಮೇಲೆ ಯಕೃತ್ತಿನಲ್ಲಿ ಕೂರುತ್ತದೆ.

ಇದರಲ್ಲಿ ಕುಚ್ಚಲಕ್ಕಿಯ ತಪ್ಪೇನೂ ಇಲ್ಲ. ಭತ್ತವನ್ನು ಸಿಪ್ಪೆಯಿರುವಾಗಲೇ ನೆನೆಸಿ ಬೇಯಿಸುವುದರಿಂದ ಹೊರಪದರದ ಬಿ ಜೀವಸತ್ವಗಳು ಕಾಳಿನೊಳಕ್ಕೆ ಇಳಿಯುತ್ತವೆ. ಬೆಳ್ತಿಗೆ ಅಕ್ಕಿಗಿಂತ ಇದು ಒಳ್ಳೆಯದೇ. ಹಾಗೆಂದು ಎಷ್ಟು ಉಂಡರೂ ಸಕ್ಕರೆ ಏರದು ಎಂದು ತಿಳಿಯುವುದು ಸರಿಯಲ್ಲ. ಗಂಜಿಗೆ ಉಪ್ಪಿನಕಾಯಿ, ಚಟ್ನಿ ಮಾತ್ರ ಇದ್ದರೆ ಪಿಷ್ಟ ಮತ್ತು ಉಪ್ಪು ಸಿಕ್ಕಿತೇ ವಿನಾ ಪ್ರೋಟೀನು ಸಿಗಲಿಲ್ಲ. ಅನ್ನವನ್ನು ಮೂರನೇ ಒಂದು ಪಾಲು ಇಳಿಸಿ, ಆ ಜಾಗಕ್ಕೆ ಹೆಸರುಕಾಳಿನ ಪಲ್ಯ, ತೊಂಡೆ, ಅಲಸಂಡೆ, ಬಸಳೆ ಬರಲಿ. ತಿನ್ನುವವರಾದರೆ ಮೊಟ್ಟೆ, ಮೀನು ಬರಲಿ. ಕಚೇರಿಗೆ ಬುತ್ತಿ ಎರಡಿರಲಿ. ಸಣ್ಣದನ್ನು ಹನ್ನೊಂದು ಗಂಟೆಗೆ, ಸರ್ವರ್ ಇರಲಿ ಇಲ್ಲದಿರಲಿ, ತಿಂದು ಬಿಡಬೇಕು. ಅದರಲ್ಲಿ ಒಂದು ಬಾಳೆಹಣ್ಣು, ಒಂದು ಹಿಡಿ ನೆಲಗಡಲೆ ಇದ್ದರೂ ಸಾಕು. ಹಲಸಿನ ಕಾಲದಲ್ಲಿ ಚಿಪ್ಸಿನ ಡಬ್ಬಿಯನ್ನು ಕಂಪ್ಯೂಟರಿನ ಪಕ್ಕ ಇಡಬೇಡಿ. ಪರದೆ ನೋಡುತ್ತಾ ತಿನ್ನುವವನಿಗೆ ಡಬ್ಬಿ ಖಾಲಿಯಾದದ್ದು ಗೊತ್ತಾಗುವುದು ಕೈಗೆ ತಳ ತಾಗಿದಾಗಲೇ.

ಇನ್ನು ಕಣ್ಣು, ಕುತ್ತಿಗೆ. ನಲವತ್ತು ದಾಟಿದವರಲ್ಲಿ ಇವೆರಡೂ ಒಂದೇ ಕಾಯಿಲೆಯ ಎರಡು ತುದಿ ಎನ್ನಬಹುದು. ಹೇಗೆಂದರೆ, ವಯಸ್ಸಾದಂತೆ ಕಣ್ಣಿನ ಮಸೂರ ಗಡುಸಾಗುತ್ತದೆ. ಹತ್ತಿರದ್ದು ಕಾಣಲು ಕನ್ನಡಕದ ಕೆಳಭಾಗದಲ್ಲಿ ಓದುವ ಗಾಜು ಕೊಡುತ್ತಾರೆ. ಆ ಗಾಜು ಪತ್ರಿಕೆ ಹಿಡಿಯುವ ದೂರಕ್ಕೆ, ಅಂದರೆ ಸುಮಾರು 40 ಸೆಂಟಿಮೀಟರಿಗೆ ಹೊಂದಿಸಿದ್ದು. ಕಂಪ್ಯೂಟರ್ ಪರದೆ ಇರುವುದು ಒಂದು ತೋಳಿನಷ್ಟು ದೂರದಲ್ಲಿ, ಕಣ್ಣಿನ ಎದುರಿಗೆ. ಮೇಲಿನ ಗಾಜಿನಲ್ಲಿ ಅಕ್ಷರ ಮಸುಕು. ಕೆಳಗಿನ ಗಾಜಿನಲ್ಲಿ ನೋಡಬೇಕಾದರೆ ಗಲ್ಲ ಎತ್ತಿ, ಮುಖ ಮುಂದಕ್ಕೆ ಚಾಚಬೇಕು. ನಾಲ್ಕೈದು ಕಿಲೋ ತೂಗುವ ತಲೆಯನ್ನು ದಿನಕ್ಕೆ ಆರು ಗಂಟೆ ಹಾಗೆ ಹಿಡಿದರೆ ಕತ್ತಿನ ಹಿಂದಿನ ಸ್ನಾಯುಗಳು ಬಿಗಿಯದೆ ಏನು ಮಾಡಿಯಾವು? ಇಂಥವರಿಗೆ ಎಕ್ಸ್‌ರೇ ತೆಗೆಸಿದರೆ ಸ್ವಲ್ಪ ಸವೆತ ಕಂಡೇ ಕಾಣುತ್ತದೆ. ನೋವಿಲ್ಲದವರಲ್ಲೂ ಈ ವಯಸ್ಸಿನಲ್ಲಿ ಅದು ಕಾಣುತ್ತದೆ. "ಎಲುಬು ಸವೆದಿದೆ" ಎಂಬ ಒಂದು ಮಾತಿಗೆ ಹೆದರಿ ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ತಿಂಗಳುಗಟ್ಟಲೆ ತಿರುಗುವವರನ್ನು ನೋಡಿದ್ದೇನೆ. ಪಟ್ಟಿ ಹೆಚ್ಚು ದಿನ ಕಟ್ಟಿದಷ್ಟೂ ಸ್ನಾಯುಗಳು ಸೋಲುತ್ತವೆ.

ನೀವು ಕೆಲಸದ ಜಾಗದಲ್ಲಿ ಕುಳಿತಾಗ ಕಣ್ಣಿನಿಂದ ಪರದೆಗೆ ಎಷ್ಟು ಸೆಂಟಿಮೀಟರ್ ಎಂದು ಟೇಪಿನಲ್ಲಿ ಅಳೆಯಿಸಿ ಬರೆದುಕೊಳ್ಳಿ. ಕಣ್ಣು ಪರೀಕ್ಷೆಗೆ ಹೋದಾಗ ಆ ಚೀಟಿ ಕೊಟ್ಟು, ಆ ದೂರಕ್ಕೆಂದೇ ಒಂದು ಕನ್ನಡಕ ಕೇಳಿ. ಇದರಿಂದಲೇ ಕುತ್ತಿಗೆ ನೋವು ಅರ್ಧ ಇಳಿದವರಿದ್ದಾರೆ. ನೀಲಿ ಬೆಳಕು ತಡೆಯುವ ಗಾಜಿಗೆ ಹೆಚ್ಚು ಹಣ ಕೊಡಬೇಕೇ ಎಂದು ಕೇಳುತ್ತಾರೆ. 2023ರಲ್ಲಿ ಕಾಕ್ರೇನ್ ಸಂಸ್ಥೆ ಈವರೆಗಿನ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕಂಪ್ಯೂಟರ್ ಕೆಲಸದಿಂದಾಗುವ ಕಣ್ಣಿನ ಆಯಾಸಕ್ಕೆ ಅದರಿಂದ ಪ್ರಯೋಜನ ಕಾಣಲಿಲ್ಲ. ಆ ಹಣ ಉಳಿಸಿ. ಕಣ್ಣುರಿಗೆ ಮುಖ್ಯ ಕಾರಣ ರೆಪ್ಪೆ ಬಡಿಯುವುದು ಕಡಿಮೆಯಾಗುವುದು. ಸಾಮಾನ್ಯವಾಗಿ ನಿಮಿಷಕ್ಕೆ ಹದಿನೈದು ಇಪ್ಪತ್ತು ಸಲ ಬಡಿಯುವ ರೆಪ್ಪೆ, ಪರದೆ ದಿಟ್ಟಿಸುವಾಗ ಅದರ ಅರ್ಧಕ್ಕೂ ಇಳಿಯಬಹುದು. ಕಣ್ಣೀರಿನ ಪೊರೆ ಆರುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ತೆಂಗಿನ ಮರವನ್ನೋ ರಸ್ತೆಯನ್ನೋ ಇಪ್ಪತ್ತು ಸೆಕೆಂಡು ನೋಡಿ. ಫ್ಯಾನಿನ ಗಾಳಿ ನೇರ ಮುಖಕ್ಕೆ ಬೇಡ. ಲ್ಯಾಪ್‌ಟಾಪ್ ಇರುವವರು ಅದರ ಕೆಳಗೆ ಎರಡು ಮಣೆ ಇಟ್ಟು ಎತ್ತರಿಸಿ, ಬೇರೆ ಕೀಬೋರ್ಡ್ ತೆಗೆದುಕೊಳ್ಳಿ. ಕಾಲು ನೆಲಕ್ಕೆ ಎಟುಕದಿದ್ದರೆ ಅಲ್ಲೂ ಒಂದು ಮಣೆ. ಮಂಚದ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ ಕೆಲಸ ಮಾಡುವ ತರುಣರಿಗೆ ನಾನು ಯಾವ ಮಾತ್ರೆಯನ್ನೂ ಬರೆಯುವುದಿಲ್ಲ, ಮೇಜು ಬರೆಯುತ್ತೇನೆ.

ಇಷ್ಟು ಹೇಳಿದ ಮೇಲೂ ಬರುವ ಮಾತು ಒಂದೇ: "ಒಂದು ಇಂಜೆಕ್ಷನ್ ಕೊಟ್ಟುಬಿಡಿ ಡಾಕ್ಟ್ರೇ, ನಾಳೆ ಆಡಿಟ್ ಉಂಟು." ಇಂಜೆಕ್ಷನಿನಿಂದ ಒಂದು ಸಂಜೆಯ ನೋವು ಇಳಿದೀತು. ಅದಕ್ಕಿಂತ ಹೆಚ್ಚಿನದನ್ನು ಅದರಿಂದ ನಿರೀಕ್ಷಿಸಬಾರದು. ಪ್ರತಿಯೊಂದು ಚಿಕಿತ್ಸೆಗೂ ಅದರದೇ ಆದ ಕಾಲ ಉಂಟು, ಇದು ಗೊತ್ತಿಲ್ಲದೆ ಎಷ್ಟೋ ಮಂದಿ ಸರಿಯಾದ ಔಷಧವನ್ನೇ ಅರ್ಧದಲ್ಲಿ ಬಿಟ್ಟು ಇನ್ನೊಬ್ಬರ ಬಳಿಗೆ ಓಡುತ್ತಾರೆ. ಪ್ಯಾಂಟೊಪ್ರಜೋಲ್‌ನಂಥ ಆಮ್ಲದ ಮಾತ್ರೆಯನ್ನು ತಿಂಡಿಗೆ ಅರ್ಧ ಗಂಟೆ ಮೊದಲು ನುಂಗಬೇಕು; ಪೂರ್ಣ ಪರಿಣಾಮಕ್ಕೆ ಮೂರು ನಾಲ್ಕು ದಿನ ಬೇಕು. ಉರಿ ಎದ್ದ ಮೇಲೆ ಒಂದು ನುಂಗಿ, ಹತ್ತು ನಿಮಿಷ ಕಾದು, "ಇದು ತಾಗಲಿಲ್ಲ" ಎನ್ನುವುದು ಮಾತ್ರೆಗೆ ಮಾಡುವ ಅನ್ಯಾಯ. ಹೊಸ ಕನ್ನಡಕ ಒಗ್ಗಲು ಒಂದೆರಡು ವಾರ. ಕುತ್ತಿಗೆಯ ವ್ಯಾಯಾಮದ ಫಲ ಕಾಣಲು ಆರರಿಂದ ಎಂಟು ವಾರ, ಅದೂ ದಿನಾ ಮಾಡಿದರೆ. ಅನ್ನ ಕಡಿಮೆ ಮಾಡಿದ ಫಲವನ್ನು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ನೋಡಬೇಕಾದರೆ ಮೂರು ತಿಂಗಳು ಕಾಯಲೇಬೇಕು. ಮತ್ತೆ ಇನ್ನೊಂದು: ಕೆಲಸ ಹಾಗೆಯೇ ಇರುವಾಗ ನೋವು ಪೂರ್ತಿ ಮಾಯವಾಗದಿರಬಹುದು. ದಿನಾ ಇದ್ದದ್ದು ವಾರಕ್ಕೊಮ್ಮೆ ಆದರೆ ಚಿಕಿತ್ಸೆ ಫಲಿಸಿತೆಂದೇ ತಿಳಿಯಿರಿ.

ಸಾಲಿನಲ್ಲಿ ನಿಂತವರೊಡನೆಯೂ ಇದೇ ಮಾತು ಸಲ್ಲುತ್ತದೆ. "ಈಗ ಬರುತ್ತದೆ, ಈಗ ಬರುತ್ತದೆ" ಎಂದು ಹೇಳಿ ಜನರನ್ನೂ ತನ್ನನ್ನೂ ಕಾಯಿಸುವ ಗುಮಾಸ್ತರಿಗೆ ಸಂಜೆ ತಲೆ ಸಿಡಿಯುತ್ತದೆ. "ಸರ್ವರ್ ಇಲ್ಲ. ಹೆಸರು ಬರೆಸಿ ಹೋಗಿ, ಊಟ ಮಾಡಿ ಎರಡು ಗಂಟೆಗೆ ಬನ್ನಿ" ಎಂದು ಒಂದು ಹಲಗೆಯ ಮೇಲೆ ಬರೆದಿಟ್ಟರೆ ಇಬ್ಬರ ಊಟವೂ ಹೊತ್ತಿಗೆ ಆಗುತ್ತದೆ. ಮೇಲಧಿಕಾರಿಗಳು ಇದನ್ನು ಸೋಮಾರಿತನವೆಂದು ತಿಳಿಯಬಾರದು. ಸಾಲಿನಲ್ಲಿ ನಿಂತವರೂ, ನೆಟ್‌ವರ್ಕ್ ಟವರನ್ನು ಕಟ್ಟಿದ್ದು ಕೌಂಟರಿನ ಹುಡುಗಿಯಲ್ಲ ಎಂಬುದನ್ನು ನೆನಪಿಟ್ಟರೆ ಒಳ್ಳೆಯದು.

ಆದರೆ ಎಲ್ಲ ನೋವಿಗೂ ಕಂಪ್ಯೂಟರನ್ನು ದೂರುವಂತಿಲ್ಲ. ಕೈಯ ಬಲ ಕುಂದಿದರೆ, ಬೆರಳು ಜೋಮು ಹಿಡಿದು ಬಿಡದಿದ್ದರೆ, ನಡಿಗೆ ತಡವರಿಸಿದರೆ, ಮೂತ್ರದ ಹಿಡಿತ ತಪ್ಪಿದರೆ, ಜ್ವರದೊಂದಿಗೆ ಕುತ್ತಿಗೆ ಮರದಂತಾದರೆ ತಡಮಾಡದೆ ತೋರಿಸಬೇಕು. ಎಲ್ಲಕ್ಕಿಂತ ನನ್ನನ್ನು ಕಾಡುವುದು "ಗ್ಯಾಸ್" ಎಂಬ ಶಬ್ದ. ಎದೆಯ ನಡುವೆ ಭಾರ ಇಟ್ಟಂತೆ ಒತ್ತು, ಅದು ಎಡತೋಳಿಗೆ, ದವಡೆಗೆ, ಕುತ್ತಿಗೆಗೆ ಹರಿಯುವುದು, ತಣ್ಣನೆಯ ಬೆವರು, ಏದುಸಿರು – ಇವು ಹೃದಯಾಘಾತದ ಲಕ್ಷಣ. ಮಧುಮೇಹಿಗಳಲ್ಲಿ ಮತ್ತು ಹೆಂಗಸರಲ್ಲಿ ಬರೀ ಸುಸ್ತು, ಹೊಟ್ಟೆ ತೊಳಸುವಿಕೆಯಾಗಿಯೂ ಅದು ಬರಬಹುದು. ನಲವತ್ತು ದಾಟಿದವರು, ಬೀಡಿ ಸಿಗರೇಟು ಸೇದುವವರು, ಸಕ್ಕರೆ ಕಾಯಿಲೆ ಅಥವಾ ಒತ್ತಡ ಇರುವವರು ಇಂಥ ಸಮಯದಲ್ಲಿ ಸೋಡಾ, ಓಮದ ನೀರು ಕುಡಿದು ಅರ್ಧ ದಿನ ಕಳೆಯಬಾರದು. ಎದೆಯುರಿಯೇ ಹೃದಯದ್ದೇ ಎಂದು ಮನೆಯಲ್ಲಿ ಕುಳಿತು ನಿರ್ಧರಿಸಲು ವೈದ್ಯನಿಗೂ ಆಗದು, ಇಸಿಜಿ ಆಗಬೇಕು. ರಕ್ತನಾಳ ಕಟ್ಟಿಕೊಂಡಾಗ ಹೃದಯದ ಸ್ನಾಯು ಗಂಟೆ ಗಂಟೆಗೂ ಸಾಯುತ್ತಾ ಹೋಗುತ್ತದೆ, ಗುತ್ತಿಗಾರಿನಿಂದ ಸುಳ್ಯಕ್ಕೋ ಪುತ್ತೂರಿಗೋ ತಲುಪುವ ಸಮಯವೂ ಅದರಲ್ಲೇ ಸೇರಬೇಕು. ಸ್ವತಃ ಬೈಕು ಓಡಿಸಿಕೊಂಡು ಹೊರಡಬೇಡಿ. ನಿಮ್ಮ ಮನೆಯಿಂದ 108ಕ್ಕೆ ಕರೆ ಹೋಗುವ ಜಾಗ ಅಂಗಳದ ಮೂಲೆಯೋ, ಗುಡ್ಡದ ತುದಿಯೋ, ಮನೆಯ ಮಕ್ಕಳಿಗೂ ಗೊತ್ತಿರಲಿ. ಕರೆ ಹೋಗದಿದ್ದರೆ ಕೂಗಬೇಕಾದ ನೆರೆಮನೆಯ ಜೀಪಿನವರ ಹೆಸರು, ನಂಬರು ಗೋಡೆಯ ಕ್ಯಾಲೆಂಡರಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿರಲಿ.